ನಮ್ಮ ಡ್ಯೂಟಿಯ ಗಂಟೆಗಳನ್ನು ದಯವಿಟ್ಟು ಎಣಿಸಿ: ಅರಿವಳಿಕೆ ವಿಭಾಗದ ಪಿಜಿಯೊಬ್ಬಳ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ,

ಗೌರವಪೂರ್ವಕ ವಂದನೆಗಳು.

ನಾನು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ಶಾಸ್ತ್ರದ ಎಂ.ಡಿ. ಮಾಡುತ್ತಿರುವ ಅಂತಿಮ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ, ಅಂದರೆ ಪಿಜಿ. ಸ್ಟೈಪೆಂಡ್, ಹಾಸ್ಟೆಲ್, ಆಸ್ಪತ್ರೆಯೊಳಗಿನ ಭದ್ರತೆ ಮುಂತಾದವುಗಳ ಬಗ್ಗೆ ರೆಸಿಡೆಂಟ್ ವೈದ್ಯರ ಸಂಘಟನೆಗಳು ತಮಗೆ ಹಲವು ಬಾರಿ ಮನವಿ ಕೊಟ್ಟಿವೆ, ಬೀದಿಗಿಳಿದೂ ಕೇಳಿವೆ. ಅವನ್ನೇ ಮತ್ತೆ ಬರೆದು ತಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಈ ಪತ್ರ ಒಂದೇ ವಿಷಯಕ್ಕೆ ಸಂಬಂಧಿಸಿದ್ದು. ಅರಿವಳಿಕೆ ವಿಭಾಗದ ಒಬ್ಬ ಪಿಜಿ ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ, ಎಷ್ಟು ಗಂಟೆ ಸತತವಾಗಿ ಎಚ್ಚರವಿರುತ್ತಾರೆ ಎಂಬ ಲೆಕ್ಕವನ್ನು ಯಾರಾದರೂ ಇಟ್ಟಿರುವುದನ್ನು ನಾನು ಈವರೆಗೆ ಕಂಡಿಲ್ಲ. ಆ ಲೆಕ್ಕ ಇಡಬೇಕು, ಅದನ್ನು ಇಡಲು ಬೇಕಾದ ಕಾಗದಪತ್ರಗಳು ಈಗಾಗಲೇ ಪ್ರತಿ ಆಸ್ಪತ್ರೆಯಲ್ಲಿಯೂ ಇವೆ ಎಂಬುದೇ ನನ್ನ ಅರಿಕೆ.

ಮೊದಲು ನಮ್ಮ ಕೆಲಸವೇನೆಂದು ಸ್ವಲ್ಪ ವಿವರಿಸಬೇಕು, ಏಕೆಂದರೆ ಆಸ್ಪತ್ರೆಯ ಹೊರಗಿನವರಿಗಿರಲಿ, ಒಳಗಿನ ಕೆಲವರಿಗೂ ಅದು ಸ್ಪಷ್ಟವಿಲ್ಲ. ಮಂಪರು ಬರಿಸುವ ಇಂಜೆಕ್ಷನ್ ಕೊಡುವ ಡಾಕ್ಟರು ಎಂದು ಜನ ನಮ್ಮನ್ನು ಗುರುತಿಸುತ್ತಾರೆ. ಇಂಜೆಕ್ಷನ್ ಕೊಟ್ಟಮೇಲೆ ಅವರ ಕೆಲಸ ಮುಗಿಯಿತು, ಮುಂದಿನದೆಲ್ಲ ಸರ್ಜನ್ ಅವರದು ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ನಮ್ಮ ಕೆಲಸ ಆರಂಭವಾಗುವುದೇ ಅಲ್ಲಿಂದ. ಪೂರ್ಣ ಅರಿವಳಿಕೆಯಲ್ಲಿ ಪ್ರೊಪೊಫಾಲ್ ಕೊಟ್ಟು ಪ್ರಜ್ಞೆ ತಪ್ಪಿಸಿ, ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟ ಮರುಗಳಿಗೆಯಲ್ಲಿ ರೋಗಿಯ ಉಸಿರಾಟ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ, ಗಂಟಲಿನ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ಯಂತ್ರಕ್ಕೆ ಜೋಡಿಸುವವರೆಗೂ, ಆಮೇಲೆ ಶಸ್ತ್ರಚಿಕಿತ್ಸೆ ಮುಗಿದು ರೋಗಿ ತಾನಾಗಿ ಉಸಿರೆಳೆದು, ಕಣ್ಣು ಬಿಟ್ಟು, ತಲೆ ಎತ್ತಿ ಹಿಡಿಯುವವರೆಗೂ, ಆ ಮನುಷ್ಯನ ಉಸಿರು ನಮ್ಮ ಹೊಣೆ. ಈ ಅವಧಿಯಲ್ಲಿ ನಾಡಿ ಮತ್ತು ರಕ್ತದೊತ್ತಡವನ್ನು ಐದೈದು ನಿಮಿಷಕ್ಕೊಮ್ಮೆ ಅರಿವಳಿಕೆ ಚಾರ್ಟಿನಲ್ಲಿ ಗುರುತಿಸುತ್ತೇವೆ. ರಕ್ತದಲ್ಲಿನ ಆಮ್ಲಜನಕ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್, ಕೊಟ್ಟ ಔಷಧ, ಹರಿದ ರಕ್ತ, ಏರಿಸಿದ ಸಲೈನ್, ಬಂದ ಮೂತ್ರ ಎಲ್ಲವೂ ಅದೇ ಹಾಳೆಯಲ್ಲಿ ಬರುತ್ತವೆ. ಎಲ್ಲವೂ ಸರಿಯಾಗಿ ನಡೆದಾಗ ನೋಡುವವರಿಗೆ ನಾವು ಸುಮ್ಮನೆ ಸ್ಟೂಲಿನ ಮೇಲೆ ಕುಳಿತಂತೆಯೇ ಕಾಣುತ್ತೇವೆ.

ನಮ್ಮ ದಿನ ಸರ್ಜನ್ ಓಟಿಗೆ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಗೆ, ಬರುವುದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಜರ್ನಲ್ ಕ್ಲಬ್ ಅಥವಾ ಸೆಮಿನಾರ್ ಇದ್ದರೆ ಅದಕ್ಕೂ ಮೊದಲು. ಓಟಿಯಲ್ಲಿ ಅರಿವಳಿಕೆ ಯಂತ್ರವನ್ನು ಪರೀಕ್ಷಿಸಬೇಕು: ಪೈಪ್‌ಲೈನಿನಲ್ಲಿ ಆಮ್ಲಜನಕದ ಒತ್ತಡವಿದೆಯೇ, ಅದು ಕೈಕೊಟ್ಟರೆ ಬೆನ್ನಿಗಿರಬೇಕಾದ ಸಿಲಿಂಡರ್ ತುಂಬಿದೆಯೇ, ಸರ್ಕ್ಯೂಟಿನಲ್ಲಿ ಸೋರಿಕೆ ಇದೆಯೇ, ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಬಣ್ಣ ಬದಲಿಸಿದೆಯೇ, ಸಕ್ಷನ್ ಎಳೆಯುತ್ತದೆಯೇ, ಟ್ಯೂಬ್ ಹಾಕುವಾಗ ಗಂಟಲೊಳಗೆ ನೋಡಲು ಬಳಸುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತದೆಯೇ. ಇದಾದ ಮೇಲೆ ಔಷಧಗಳನ್ನು ಸಿರಿಂಜುಗಳಿಗೆ ಎಳೆದು, ಪ್ರತಿಯೊಂದಕ್ಕೂ ಪ್ಲಾಸ್ಟರ್ ಅಂಟಿಸಿ ಹೆಸರು, ಪ್ರಮಾಣ ಬರೆಯಬೇಕು. ಮೊದಲ ವರ್ಷದಲ್ಲಿ ನಮಗೆ ಕೈಹಿಡಿದು ಕಲಿಸುವುದು ಇದನ್ನೇ. ಟ್ಯೂಬ್ ಹಾಕುವುದು ಆಮೇಲಿನ ಮಾತು. ಒಂದು ಕೈಯ ಬೆರಳುಗಳಲ್ಲಿ ದವಡೆಯನ್ನು ಎತ್ತಿ ಮಾಸ್ಕನ್ನು ಮುಖಕ್ಕೆ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಗ್ ಒತ್ತಿ ಎದೆ ಏರುವಂತೆ ಮಾಡುವುದನ್ನು ಕಲಿಯದವರ ಕೈಗೆ ನಮ್ಮ ಸೀನಿಯರ್‌ಗಳು ಲ್ಯಾರಿಂಗೋಸ್ಕೋಪ್ ಕೊಡುವುದಿಲ್ಲ. ಸಣ್ಣ ಕೈಯವರಿಗೆ ಮೊದಲ ಕೆಲವು ತಿಂಗಳು ಹೆಬ್ಬೆರಳಿನ ಬುಡ ರಾತ್ರಿಯೆಲ್ಲ ನೋಯುವುದುಂಟು. ಈ ವಿಷಯವನ್ನು ನನಗೆ ಕಲಿಸಿದ ಗುರುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅವರಲ್ಲಿ ಹಲವರು ನಮಗಿಂತ ಕಡಿಮೆಯೇನೂ ದುಡಿಯುವುದಿಲ್ಲ.

ದಿನದ ಶಸ್ತ್ರಚಿಕಿತ್ಸೆಗಳ ಲಿಸ್ಟ್ ಯಾವಾಗ ಮುಗಿಯುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಸರ್ಜರಿ, ಮೂಳೆ, ಇಎನ್‌ಟಿ, ಸ್ತ್ರೀರೋಗ, ಯೂರಾಲಜಿ ಹೀಗೆ ಪ್ರತಿ ವಿಭಾಗದ ಪ್ರತಿ ಯೂನಿಟ್ಟಿಗೂ ವಾರದಲ್ಲಿ ಗೊತ್ತಾದ ಓಟಿ ದಿನಗಳಿರುತ್ತವೆ. ಉಳಿದ ದಿನ ಅವರು ಓಪಿಡಿ, ವಾರ್ಡು ನೋಡುತ್ತಾರೆ. ಅರಿವಳಿಕೆ ವಿಭಾಗಕ್ಕೆ ಎಲ್ಲ ದಿನವೂ ಓಟಿ ದಿನವೇ. ಸಂಜೆ ನಾಲ್ಕಕ್ಕೆ ಮುಗಿಯಬೇಕಾದ ಟೇಬಲ್‌ಗೆ ಮೂರೂವರೆಗೆ ಇನ್ನೊಬ್ಬ ರೋಗಿಯನ್ನು ತಂದು, "ಇದೊಂದೇ ಕೇಸ್ ಮೇಡಂ, ಬೆಳಿಗ್ಗೆಯಿಂದ ಉಪವಾಸ ಇದ್ದಾರೆ" ಎಂದಾಗ ಆಗುವುದಿಲ್ಲವೆನ್ನುವುದು ಸುಲಭವಲ್ಲ, ಏಕೆಂದರೆ ಅವರು ನಿಜವಾಗಿಯೂ ಹಿಂದಿನ ರಾತ್ರಿಯಿಂದ ಉಪವಾಸವಿರುತ್ತಾರೆ. ಆರು ಗಂಟೆ ಮೊದಲು ಊಟ ನಿಲ್ಲಿಸಿದರೆ, ಎರಡು ಗಂಟೆ ಮೊದಲು ನೀರು ನಿಲ್ಲಿಸಿದರೆ ಸಾಕೆಂದು ಪುಸ್ತಕದಲ್ಲಿದೆ. ಲಿಸ್ಟಿನಲ್ಲಿ ತಮ್ಮ ಸರದಿ ಯಾವಾಗ ಬರುತ್ತದೆಂದು ತಿಳಿಯದ ವಾರ್ಡಿನಲ್ಲಿ ಎಲ್ಲರನ್ನೂ ನಡುರಾತ್ರಿಯಿಂದಲೇ ಖಾಲಿ ಹೊಟ್ಟೆಯಲ್ಲಿಡುತ್ತಾರೆ. ಲಿಸ್ಟ್ ಮುಗಿದ ಮೇಲೆ ನಾಳೆಯ ರೋಗಿಗಳ ಪೂರ್ವಪರೀಕ್ಷೆ, ಅಂದರೆ ಪಿಎಸಿ. ವಾರ್ಡಿನಿಂದ ವಾರ್ಡಿಗೆ ಹೋಗಿ ಬಾಯಿ ತೆರೆಸಿ, ಕುತ್ತಿಗೆ ಬಾಗಿಸಿ ನೋಡಿ, ಹಲ್ಲು ಅಲ್ಲಾಡುತ್ತದೆಯೇ, ಬೀಡಿ ಸೇದುತ್ತೀರಾ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ ಎಂದು ಕೇಳಬೇಕು. ಬೀಡಿಯ ವಿಷಯದಲ್ಲಿ ಗಂಡಸರು ಹೇಳುವ ಸಂಖ್ಯೆಗೂ ಪಕ್ಕದಲ್ಲಿ ನಿಂತ ಹೆಂಡತಿ ಹೇಳುವ ಸಂಖ್ಯೆಗೂ ಹೊಂದಾಣಿಕೆಯಾಗುವುದು ಅಪರೂಪ; ನಾವು ಹೆಂಡತಿಯ ಸಂಖ್ಯೆಯನ್ನು ಬರೆದುಕೊಳ್ಳುತ್ತೇವೆ.

ರಾತ್ರಿ ಡ್ಯೂಟಿ ಇದ್ದವರು ಇಷ್ಟೆಲ್ಲ ಮುಗಿಸಿ ಎಮರ್ಜೆನ್ಸಿ ಓಟಿಗೆ ಹೋಗುತ್ತಾರೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಹೆಚ್ಚಿನವರು ನಮ್ಮ ಊರಿನವರಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಿದ್ದರೂ ಆ ಹೊತ್ತಿಗೆ ಅರಿವಳಿಕೆ ತಜ್ಞರಿಲ್ಲ ಎಂಬ ಒಂದೇ ಕಾರಣಕ್ಕೆ, ಸಂಜೆ ಏಳಕ್ಕೆ ಆಗಬಹುದಾಗಿದ್ದ ಸಿಸೇರಿಯನ್ ರಾತ್ರಿ ಒಂದು ಗಂಟೆಗೆ 108 ಆಂಬ್ಯುಲೆನ್ಸಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಈ ಕೊರತೆ ಹೊಸದಲ್ಲ. ಎಂಬಿಬಿಎಸ್ ವೈದ್ಯರಿಗೆ ಕೆಲವೇ ತಿಂಗಳ ತರಬೇತಿ ಕೊಟ್ಟು ತುರ್ತು ಹೆರಿಗೆಗಳಿಗೆ ಅರಿವಳಿಕೆ ಕೊಡಿಸುವ ಯೋಜನೆಯನ್ನು ಸರ್ಕಾರವೇ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ನಡೆಸಿದ್ದು ಇದೇ ಕಾರಣಕ್ಕೆ. ಅದೇ ರಾತ್ರಿ ಕರುಳು ತೂತಾದವರು, ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಬರುತ್ತಾರೆ. ಕೀಟನಾಶಕ ಸೇವಿಸಿದವರಿಗೆ ವೆಂಟಿಲೇಟರ್ ಬೇಕೆಂದು ಐಸಿಯುನಿಂದ ಕರೆ ಬರುತ್ತದೆ. ವಾರ್ಡಿನಲ್ಲಿ ಯಾರದೋ ಹೃದಯ ನಿಂತರೆ ಟ್ಯೂಬ್ ಹಾಕಲು ಮೊದಲು ಫೋನ್ ಮಾಡುವುದೂ ನಮಗೇ.

ಆ ಹೊತ್ತಿನ ಕೆಲಸದ ಸ್ವರೂಪವನ್ನು ತಾವು ಹತ್ತಿರದಿಂದ ನೋಡಬೇಕೆಂದು ಒಂದು ಸಾಮಾನ್ಯ ಸಿಸೇರಿಯನ್ನನ್ನು ವಿವರಿಸುತ್ತೇನೆ. ಹೆಣ್ಣುಮಗಳನ್ನು ಕೂರಿಸಿ, ಬೆನ್ನು ಬಾಗಿಸಿ, ಸೊಂಟದ ಮೂಳೆಗಳ ನಡುವಿನಿಂದ ಬಹಳ ತೆಳುವಾದ ಸೂಜಿಯನ್ನು ಇಳಿಸುತ್ತೇವೆ. ಸೂಜಿಯ ತುದಿಯಲ್ಲಿ ತಿಳಿನೀರಿನಂಥ ದ್ರವ ಹನಿಯತೊಡಗಿದಾಗ ಸೊಂಟದ ಕೆಳಗೆ ಮರಗಟ್ಟಿಸುವ ಬುಪಿವಕೇನ್ ಔಷಧವನ್ನು ಎರಡು ಮಿಲಿಲೀಟರ್ ಆಸುಪಾಸು ಕೊಟ್ಟು, ಅವಳನ್ನು ಅಂಗಾತ ಮಲಗಿಸಿ ಸ್ವಲ್ಪ ಎಡಕ್ಕೆ ವಾಲಿಸುತ್ತೇವೆ. ಹಾಗೆ ವಾಲಿಸದಿದ್ದರೆ ತುಂಬು ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಕಾಲುಗಳು ಬೆಚ್ಚಗಾಗುತ್ತವೆ, ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಇಳಿಯತೊಡಗುತ್ತದೆ. ಇಲ್ಲಿ ಮಾನಿಟರ್ ನಮಗಿಂತ ಹಿಂದೆ ಬೀಳುತ್ತದೆ. ತೋಳಿಗೆ ಕಟ್ಟಿದ ಪಟ್ಟಿ ಉಬ್ಬಿ, ಇಳಿದು, ಸಂಖ್ಯೆ ತೋರಿಸುವ ಮೊದಲೇ ಆಕೆ "ಯಾಕೋ ಹೊಟ್ಟಿ ತೊಳಸಾಕತ್ತೈತ್ರೀ ಅಕ್ಕಾರ" ಅನ್ನುತ್ತಾಳೆ. ಆ ಮಾತೇ ಮೊದಲ ಸೂಚನೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿದೆ ಎಂದು ಅರ್ಥ. ಕೂಡಲೇ ರಕ್ತದೊತ್ತಡ ಏರಿಸುವ ಫಿನೈಲ್‌ಎಫ್ರಿನ್ ಕೊಟ್ಟರೆ ಅರ್ಧ ನಿಮಿಷದಲ್ಲಿ ಅವಳ ಮುಖಕ್ಕೆ ಕಳೆ ಬರುತ್ತದೆ. ತಡವಾದರೆ ತಾಯಿಯ ಮಾತು ತೊದಲುತ್ತದೆ, ಮಗುವಿಗೆ ಹೋಗುವ ರಕ್ತವೂ ಕುಗ್ಗುತ್ತದೆ. ಹಿಂದಿನ ಬೆಳಿಗ್ಗೆ ಏಳರಿಂದ ನಿಂತಿರುವ ಒಬ್ಬ ಪಿಜಿ ಮರುದಿನ ನಸುಕಿನ ನಾಲ್ಕು ಗಂಟೆಗೆ ಈ ಮಾತಿಗೆ ಕಿವಿಗೊಡಬೇಕಾಗುತ್ತದೆ. ಕೈ ತಾನಾಗಿ ಕೆಲಸ ಮಾಡುತ್ತದೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಸೂಜಿ ಹಾಕುವ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕೇಳಿಸಿಕೊಳ್ಳುವುದು ಕೈಯ ಕೆಲಸವಲ್ಲ.

ದಣಿವಿನಿಂದ ಏನಾಗಬಹುದೆಂದು ಊಹಿಸಿ ಹೆದರಿಸುವುದು ನನ್ನ ಉದ್ದೇಶವಲ್ಲ. ಜಗತ್ತಿನಾದ್ಯಂತ ದಾಖಲಾಗಿರುವ ಒಂದು ಬಗೆಯ ಪ್ರಮಾದವನ್ನಷ್ಟೇ ಹೇಳುತ್ತೇನೆ. ಹೆರಿಗೆಯ ರಕ್ತಸ್ರಾವ ತಡೆಯಲು ರಕ್ತನಾಳಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್‌ನ ಆಂಪೂಲ್ ಕೆಲವು ತಯಾರಿಕೆಗಳಲ್ಲಿ ಬುಪಿವಕೇನ್ ಆಂಪೂಲಿನಂತೆಯೇ ಕಾಣುತ್ತದೆ. ಒಂದರ ಬದಲು ಇನ್ನೊಂದು ಬೆನ್ನುಹುರಿಯ ದ್ರವಕ್ಕೆ ಸೇರಿ ರೋಗಿಗಳಿಗೆ ಅಪಸ್ಮಾರ ಬಂದ, ಪ್ರಾಣ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದ ಕಾರಣ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು. ಎರಡು ಔಷಧಗಳನ್ನು ಬೇರೆ ಬೇರೆ ಜಾಗದಲ್ಲಿಡುವುದು, ಹೆಸರನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರಿಗೆ ತೋರಿಸುವುದು ಇದಕ್ಕಿರುವ ಪರಿಹಾರ, ನಾವು ಅದನ್ನು ಪಾಲಿಸುತ್ತೇವೆ. ಆದರೆ ಆ ಪರಿಹಾರವೂ ಕೊನೆಗೆ ಓದುವವರ ಕಣ್ಣನ್ನೇ ನಂಬಿದೆ.

ನಿಯಮಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲಿಯೇ ತನ್ನ ರೆಸಿಡೆನ್ಸಿ ಯೋಜನೆಯಲ್ಲಿ ಜೂನಿಯರ್ ರೆಸಿಡೆಂಟರ, ಅಂದರೆ ನಮ್ಮಂಥ ಪಿಜಿಗಳ, ಕೆಲಸ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಬಾರದೆಂದು ಹೇಳಿ, ಅದೇ ವಾಕ್ಯದಲ್ಲಿ ಕೆಲಸದ ಒತ್ತಡ ನೋಡಿಕೊಂಡು ಆಸ್ಪತ್ರೆಯ ಮುಖ್ಯಸ್ಥರು ಅದನ್ನು ಸಡಿಲಿಸಬಹುದೆಂದೂ ಸೇರಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ, ಸಮಂಜಸವಾದಷ್ಟು ಹೊತ್ತು ಕೆಲಸ, ಸಮಂಜಸವಾದಷ್ಟು ವಿಶ್ರಾಂತಿ ಎಂದಿತೇ ಹೊರತು ಗಂಟೆಯ ಸಂಖ್ಯೆ ಹೇಳಲಿಲ್ಲ. 2024ರಲ್ಲಿ ಅದೇ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಇರಬೇಕು ಎಂದು ಶಿಫಾರಸು ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಲ್ಕತ್ತದ ಯುವ ವೈದ್ಯೆಯ ಪ್ರಕರಣದ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್, 36 ಗಂಟೆಗಳ ಸತತ ಡ್ಯೂಟಿ ಅಮಾನವೀಯವೆಂದು ಅಭಿಪ್ರಾಯಪಟ್ಟಿತು. ಇಷ್ಟು ವರ್ಷಗಳ ಈ ಎಲ್ಲ ಮಾತುಗಳಲ್ಲಿ ಒಂದು ಸಂಗತಿ ಉಳಿದುಹೋಗಿದೆ. ಮಿತಿ 48 ಆಗಲಿ, 74 ಆಗಲಿ, ಮೀರಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಯಾರಾದರೂ ಎಣಿಸಬೇಕಲ್ಲವೇ?

ಹಿರಿಯರ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ನಾವೂ ಹೀಗೆಯೇ ಕಲಿತೆವು, ರಾತ್ರಿ ನಿಲ್ಲದವರಿಗೆ ಅರಿವಳಿಕೆ ಒಲಿಯುವುದಿಲ್ಲ ಎನ್ನುತ್ತಾರೆ. ನಿಜ, ನನಗೆ ಬರುವ ವಿದ್ಯೆಯಲ್ಲಿ ಹೆಚ್ಚಿನದು ಎಮರ್ಜೆನ್ಸಿ ಓಟಿಯಲ್ಲಿ ಬಂದದ್ದೇ. ಡ್ಯೂಟಿ ಚಿಕ್ಕದಾದಷ್ಟೂ ಒಬ್ಬರಿಂದ ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸುವ ಸಂದರ್ಭಗಳು ಹೆಚ್ಚುತ್ತವೆ, ಹಾಗೆ ಒಪ್ಪಿಸುವಾಗಲೂ ತಪ್ಪುಗಳಾಗುತ್ತವೆ ಎಂಬುದೂ ನಿಜ. ಅಮೆರಿಕ 2003ರಲ್ಲಿ ರೆಸಿಡೆಂಟರ ವಾರದ ಮಿತಿಯನ್ನು 80 ಗಂಟೆಗೆ ಕಟ್ಟಿತು. 2011ರಲ್ಲಿ ಮೊದಲ ವರ್ಷದವರಿಗೆ ಸತತ 16 ಗಂಟೆಯ ಮಿತಿ ತಂದು, 2017ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಏಕೆಂದರೆ ಸರ್ಜರಿಯ ರೆಸಿಡೆಂಟರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಬಿಗಿ ಮಿತಿಯಿಂದ ರೋಗಿಗಳಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆದರೆ ಆ ವಾದವೆಲ್ಲ ನಡೆದದ್ದು ವಾರಕ್ಕೆ 80 ಗಂಟೆ ಎಂಬ ಬೇಲಿಯ ಒಳಗೆ, ಗಂಟೆಗಳ ದಾಖಲೆ ಇಟ್ಟುಕೊಂಡು. ಸಡಿಲಿಸಬೇಕೋ ಬಿಗಿಗೊಳಿಸಬೇಕೋ ಎಂದು ಅವರು ಚರ್ಚಿಸಲು ಸಾಧ್ಯವಾದದ್ದೇ ಅದರಿಂದ. ನಾನು ಇಂತಿಷ್ಟೇ ಗಂಟೆ ಎಂದು ಹಟ ಹಿಡಿಯುತ್ತಿಲ್ಲ. ಮೊದಲು ಲೆಕ್ಕ ಬರಲಿ, ಮಿತಿಯನ್ನು ಹಿರಿಯರೇ ಕೂತು ನಿರ್ಧರಿಸಲಿ.

ಲೆಕ್ಕ ಇಡುವುದರಲ್ಲಿ ನಮ್ಮ ಆಸ್ಪತ್ರೆಗಳು ಹಿಂದೆ ಬಿದ್ದಿಲ್ಲ. ಹೊಟ್ಟೆ ಮುಚ್ಚುವ ಮೊದಲು ಸಿಸ್ಟರ್ ರಕ್ತ ಒರೆಸಿದ ಪ್ರತಿಯೊಂದು ಬಟ್ಟೆಯನ್ನು (ಮಾಪ್) ಎಣಿಸಿ ಸರಿಯಿದೆ ಎಂದು ಗಟ್ಟಿಯಾಗಿ ಹೇಳುತ್ತಾರೆ. ನೋವು ತಡೆಯಲು ಕೊಡುವ ಫೆಂಟನಿಲ್ 1985ರ ಮಾದಕ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಒಡೆದ ಖಾಲಿ ಆಂಪೂಲನ್ನೂ ಹಿಂತಿರುಗಿಸಿ, ರಿಜಿಸ್ಟರಿನಲ್ಲಿ ರೋಗಿಯ ಹೆಸರು, ಬಳಸಿದ ಪ್ರಮಾಣ ಬರೆದು ಸಹಿ ಮಾಡುತ್ತೇವೆ. ಪಿಜಿಗಳಿಗೂ ಹಾಜರಾತಿ ಇದೆ, ಶೇಕಡಾ 80ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಜರಾತಿ ಕಡಿಮೆಯಾದಾಗ ಕೂಗುವ ಆ ವ್ಯವಸ್ಥೆಗೆ ಹಾಜರಾತಿ ಹೆಚ್ಚಾದದ್ದು ಮಾತ್ರ ಕಾಣುವುದೇ ಇಲ್ಲ. ವಿಭಾಗದ ನೋಟಿಸ್ ಬೋರ್ಡಿನಲ್ಲಿ ಅಂಟಿಸುವ ರೋಸ್ಟರಿನಲ್ಲಿ ಯಾರ ಡ್ಯೂಟಿ ಯಾವ ದಿನ ಎಂದಿರುತ್ತದೆ, ಡ್ಯೂಟಿ ಮುಗಿದದ್ದು ಯಾವಾಗ ಎಂದಿರುವುದಿಲ್ಲ. ರಾತ್ರಿ ಡ್ಯೂಟಿಯ ಮರುದಿನ ಬಿಡುವು ಎಂದು ಬರೆದಿದ್ದರೂ, ಜನ ಕಡಿಮೆ ಇದ್ದಾರೆಂದು ಬೆಳಿಗ್ಗೆಯ ಮೊದಲ ಕೇಸಿಗೆ ನಿಲ್ಲಿಸಿದರೆ ಆ ಬಿಡುವು ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಸಂಜೆಗೆ ಸರಿಯುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ ಒಂದಿಬ್ಬರು ಹೋದಾಗ, ಪ್ರಬಂಧದ ಕೆಲಸಕ್ಕೋ ಪರೀಕ್ಷೆಗೋ ಒಂದಿಬ್ಬರು ರಜೆ ಹಾಕಿದಾಗ ಹೀಗಾಗುವುದು ಅಪರೂಪವೇನಲ್ಲ. ಹಾಸ್ಟೆಲಿನ ಗೋಡೆಯ ಮೇಲೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಭಿತ್ತಿಪತ್ರವಿದೆ. ಒಳ್ಳೆಯ ಸೇವೆ ಅದು, ಕರೆ ಮಾಡಿ ಮಾತನಾಡುವಷ್ಟು ಹೊತ್ತು ಎಚ್ಚರವಿರುವವರಿಗೆ ಉಪಯೋಗವಾಗುತ್ತದೆ.

ಈಗ ನನ್ನ ಕೋರಿಕೆ. ಪ್ರತಿ ಅರಿವಳಿಕೆ ಚಾರ್ಟಿನಲ್ಲಿ ಅರಿವಳಿಕೆ ಕೊಟ್ಟವರ ಹೆಸರು, ಆರಂಭದ ಸಮಯ, ಮುಗಿದ ಸಮಯ ನಿಮಿಷ ಸಮೇತ ಇರುತ್ತವೆ. ಓಟಿ ರಿಜಿಸ್ಟರಿನಲ್ಲಿ ಅವೇ ವಿವರಗಳು ಇನ್ನೊಮ್ಮೆ ಬರುತ್ತವೆ. ಒಂದು ತಿಂಗಳ ರಿಜಿಸ್ಟರನ್ನು ಹೆಸರುವಾರು ಜೋಡಿಸಿದರೆ, ಯಾವ ಪಿಜಿ ಯಾವ ದಿನ ಮೊದಲ ಕೇಸ್ ಎಷ್ಟು ಗಂಟೆಗೆ ಆರಂಭಿಸಿದರು, ಕೊನೆಯ ಕೇಸ್ ಎಷ್ಟು ಗಂಟೆಗೆ ಮುಗಿಸಿದರು, ನಡುವೆ ಆರು ಗಂಟೆಯ ನಿದ್ರೆಗಾಗುವಷ್ಟು ಬಿಡುವು ಇತ್ತೇ ಎಂಬುದು ತಾನಾಗಿ ಹೊರಬರುತ್ತದೆ. ಇದಕ್ಕೆ ಹೊಸ ತಂತ್ರಾಂಶ ಬೇಡ, ಹೊಸ ಸಮಿತಿಯೂ ಬೇಡ. ವಿಭಾಗಕ್ಕೆ ಸಂಬಂಧಿಸದ ಒಬ್ಬ ಗುಮಾಸ್ತರು ಕೆಲವು ದಿನ ಕುಳಿತರೆ ಸಾಕು. ಐಸಿಯು, ಪಿಎಸಿ, ವಾರ್ಡಿನ ತುರ್ತು ಕರೆಗಳು ಈ ರಿಜಿಸ್ಟರಿನಲ್ಲಿ ಬರುವುದಿಲ್ಲವಾದ್ದರಿಂದ, ಸಿಗುವ ಮೊತ್ತ ನಿಜವಾದ ದುಡಿಮೆಗಿಂತ ಕಡಿಮೆಯೇ ಇರುತ್ತದೆ. ಆ ಕಡಿಮೆ ಮೊತ್ತವೇ 74ನ್ನು ದಾಟಿದರೆ ಮುಂದಿನದನ್ನು ವಾದಿಸಬೇಕಾಗಿಲ್ಲ.

ಇದರ ಜೊತೆಗೆ ಚಾರ್ಟಿನ ಮೇಲ್ಭಾಗದಲ್ಲಿ ಒಂದು ಸಾಲು ಸೇರಿಸಲು ವಿಶ್ವವಿದ್ಯಾಲಯ ತನ್ನ ಎಲ್ಲ ಅಂಗಸಂಸ್ಥೆಗಳಿಗೆ ಸೂಚಿಸಲಿ: ಅರಿವಳಿಕೆ ಕೊಡುತ್ತಿರುವವರು ಈ ಡ್ಯೂಟಿಗೆ ಬಂದ ದಿನಾಂಕ ಮತ್ತು ಸಮಯ. ರೋಗಿ ಎಷ್ಟು ಹೊತ್ತಿನಿಂದ ಉಪವಾಸವಿದ್ದಾರೆಂದು ಬರೆಯುವ ಜಾಗದ ಪಕ್ಕದಲ್ಲಿಯೇ ಅದು ಬರಬಹುದು. ಆ ಅಂಕಿ ಕಣ್ಣಿಗೆ ಬಿದ್ದರೆ, ತುರ್ತಲ್ಲದ ಕೇಸನ್ನು ನಾಳೆಗೆ ಇಡೋಣವೆಂದು ಹೇಳಲು ಪಿಜಿಗೆ ಧೈರ್ಯ ಬರದಿದ್ದರೂ, ಟೇಬಲಿನ ಆಚೆ ಬದಿಯಲ್ಲಿ ನಿಂತ ಸರ್ಜನ್‌ಗೆ ಆ ಯೋಚನೆ ಬರಬಹುದು. ನನ್ನ ಅನುಭವದಲ್ಲಿ ಅವರಲ್ಲಿ ಬಹುತೇಕರು ಕೇಳಿದರೆ ಒಪ್ಪುವವರೇ. ಕೇಳುವುದಕ್ಕೆ ಆಧಾರವೊಂದು ಬೇಕಾಗಿದೆ ಅಷ್ಟೆ.

ಲೆಕ್ಕ ಬಂದ ಮೇಲೆ ಎಂ.ಡಿ. ಮುಗಿಸಿದವರ ಸೀನಿಯರ್ ರೆಸಿಡೆಂಟ್ ಹುದ್ದೆಗಳು ಸಾಲದೆಂದು ಗೊತ್ತಾಗಬಹುದು, ಅಥವಾ ಜನ ಸಾಕಷ್ಟಿದ್ದು ಹಂಚಿಕೆಯೇ ಸರಿಯಿಲ್ಲವೆಂದೂ ಕಾಣಬಹುದು. ಕೆಲವು ಕಾಲೇಜುಗಳಲ್ಲಿ ಪರಿಸ್ಥಿತಿ ನಾನು ತಿಳಿದಿರುವುದಕ್ಕಿಂತ ಚೆನ್ನಾಗಿರಲೂಬಹುದು; ಹಾಗಿದ್ದರೆ ಅವರ ರೋಸ್ಟರನ್ನೇ ಉಳಿದವರಿಗೆ ಮಾದರಿಯಾಗಿ ಕಳುಹಿಸಬಹುದು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿ ಅರಿವಳಿಕೆ ತಜ್ಞರೊಬ್ಬರು ಇದ್ದಿದ್ದರೆ ನಮ್ಮ ಎಮರ್ಜೆನ್ಸಿ ಓಟಿಗೆ ಬರಬೇಕಾಗಿರದ ಕೇಸುಗಳು ಎಷ್ಟು ಎಂಬುದನ್ನೂ ಇದೇ ರಿಜಿಸ್ಟರಿನಿಂದ ತೆಗೆಯಬಹುದು, ಏಕೆಂದರೆ ಎಲ್ಲಿಂದ ಕಳುಹಿಸಿದ್ದು ಎಂಬ ವಿವರ ಕೇಸ್‌ಶೀಟಿನಲ್ಲಿ ಇದ್ದೇ ಇರುತ್ತದೆ. ಆರೋಗ್ಯ ಇಲಾಖೆಗೂ ಆ ಪಟ್ಟಿ ಬೇಕಾಗುತ್ತದೆ.

ಎಣಿಕೆಯನ್ನು ಎಮರ್ಜೆನ್ಸಿ ಓಟಿಯಿಂದ ಆರಂಭಿಸುವುದು ಒಳ್ಳೆಯದು, ಮತ್ತು ಜಿಲ್ಲಾ ರೆಸಿಡೆನ್ಸಿಗೆ ಪಿಜಿಗಳು ಹೊರಗೆ ಹೋಗಿರುವ ತಿಂಗಳೊಂದನ್ನು ಅದಕ್ಕೆ ಆರಿಸಿಕೊಳ್ಳಬೇಕು. ಪ್ರತಿ ಮಾಡುವಾಗ ರೋಗಿಗಳ ಹೆಸರು ಮತ್ತು ಒಳರೋಗಿ (ಐಪಿ) ಸಂಖ್ಯೆಯನ್ನು ಮುಚ್ಚಬೇಕು. ಪಿಜಿಗಳ ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟರೆ, ಪ್ರಾಯೋಗಿಕ ಪರೀಕ್ಷೆ ಇನ್ನೂ ಮುಗಿಯದ ನಮ್ಮಂಥವರಿಗೂ ಯಾವ ಅಳುಕಿರುವುದಿಲ್ಲ.

ವಿಧೇಯತೆಯಿಂದ,

ಅಂತಿಮ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ
ಅರಿವಳಿಕೆ ಶಾಸ್ತ್ರ ವಿಭಾಗ